ಹದಿನಾರು ಬಾಂಡ್ಲಿ ಮಾಲು

"ಹದಿನಾರು ಬಾಂಡ್ಲಿ!" ಎಂದಳು ಥಾಮ್.

ತನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಗುಡಿಯ ಅಂಗಳದಲ್ಲಿ ನೆರೆದಿದ್ದ ಎರಡೂ ಕೇರಿಯ ಜನ ಒಮ್ಮೆ ಅವಳ ಮುಖ ನೋಡಿದರು, ಆಮೇಲೆ ಬಾಗಿಲಿನ ಆಚೆ ಬದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಅವಳ ಅಮ್ಮ ಲುವಾಳ ಮುಖ ನೋಡಿದರು.

"ಹದಿನಾರಾ?" ಲುವಾ ನಕ್ಕಳು. "ಗೋಡೆ ಕಟ್ತೀಯೋ, ಇಲ್ಲಾ ಇಟ್ಟಿಗೆಗಳಿಗೆ ಹಾಸಿಗೆ ಹಾಸ್ತೀಯೋ?"

"ಹಾಸಿಗೆ ಹಾಸಿದ್ರೆ ಚೆನ್ನಾಗಿ ನಿದ್ದೆ ಮಾಡ್ತವೆ ಬಿಡಮ್ಮ. ನಿಂದೆಷ್ಟು ಹೇಳು."

"ಹದಿನಾಲ್ಕು. ಅದರಲ್ಲೂ ಒಂದು ಹಿಡಿ ಮಿಕ್ಕಿದ್ರೆ ನನ್ನ ಹೆಸರು ಬದಲಾಯಿಸಿಬಿಡು."

ಕೆಳಗಿನ ಕೇರಿಯವರು ಹೋ ಎಂದು ಕೂಗಿದರು. ಥಾಮ್ ಹುಟ್ಟಿದ್ದು ಅದೇ ಕೆಳಗಿನ ಕೇರಿಯಲ್ಲಿ, ಕಾಲುವೆಯ ಆ ದಡದಲ್ಲಿ. ಮದುವೆಯಾಗಿ ಬಂದದ್ದು ಈ ದಡದ ಮೇಲಿನ ಕೇರಿಗೆ. ಸಿಮೆಂಟು, ಮರಳು, ನೀರು ಸೇರಿಸಿ ಮಾಲು ಕಲಸುವುದನ್ನು ಕಲಿತದ್ದು ಅಮ್ಮನ ಕೈಕೆಳಗೆ. ಲುವಾ ಗಾರೆ ಕೆಲಸಕ್ಕೆ ಹೋಗಲು ಶುರುಮಾಡಿದಾಗ ಥಾಮ್ ಇನ್ನೂ ನಡೆಯಲು ಕಲಿತಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಅವಳನ್ನು ಕೂರಿಸಿ ಸಲಿಕೆ ಹಿಡಿಯುತ್ತಿದ್ದಳು. ಇವತ್ತು ಅದೇ ಅಮ್ಮನ ಎದುರಿಗೆ ನಿಂತು ಮಗಳು ಲೆಕ್ಕ ಕೂಗಬೇಕಾಗಿ ಬಂದಿತ್ತು.

ಪಂದ್ಯ ಹುಟ್ಟಿದ್ದು ಕಿಯೆಮ್ ತಾತನ ಸಿಟ್ಟಿನಿಂದ. ಊರೊಟ್ಟಿನ ಗುಡಿಯ ಉಸ್ತುವಾರಿ ಆತನದು. ಹಿಂದಿನ ವರ್ಷ ಅಂಗಳಕ್ಕೆ ನೆಲ ಹಾಕುವಾಗ ಎರಡು ಕೇರಿಯವರೂ ಬೇಕಾಬಿಟ್ಟಿ ಮಾಲು ಕಲಸಿ, ಮಿಕ್ಕದ್ದನ್ನು ಮೂಲೆಗೆ ಸುರಿದು, ಅದು ಎಮ್ಮೆಯಷ್ಟು ದೊಡ್ಡ ಬಂಡೆಯಾಗಿ ಕೂತಿತ್ತು. ಜನ ದಾನವಾಗಿ ಕೊಟ್ಟ ಸಿಮೆಂಟು ಅದು. ಈಗ ಪ್ರವಾಹಕ್ಕೆ ವಾಲಿದ್ದ ಮುಂದಿನ ಗೋಡೆಯನ್ನು ಹೊಸದಾಗಿ ಕಟ್ಟಬೇಕಾಗಿ ಬಂದಾಗ ತಾತ ಕೋಲು ಕುಟ್ಟಿ ಹೇಳಿದ್ದ: "ಬಾಗಿಲ ಎಡಗಡೆ ಮೇಲಿನ ಕೇರಿ, ಬಲಗಡೆ ಕೆಳಗಿನ ಕೇರಿ. ಎರಡೂ ಒಂದೇ ಉದ್ದ, ಒಂದೇ ಎತ್ತರ, ಲೆಕ್ಕದ ಇಟ್ಟಿಗೆ. ಮಾಲು ಎಷ್ಟು ಬೇಕು ಅಂತ ಬೆಳಿಗ್ಗೆನೇ ಕೂಗಿ ಹೇಳಬೇಕು. ಅಷ್ಟೇ ಕೊಡೋದು. ಕಡಿಮೆ ಬಿದ್ರೂ ಸೋತ್ರಿ, ಮಿಕ್ಕಿದ್ರೂ ಸೋತ್ರಿ. ಗೆದ್ದವರು ಬಾಗಿಲ ಕಂಬ ಕಟ್ತಾರೆ, ಊಟದಲ್ಲಿ ಹಂದಿಯ ತಲೆ ಅವರದು."

ಕಂಬ ಕಟ್ಟುವುದೆಂದರೆ ಸಣ್ಣ ಮಾತಲ್ಲ. ಕಾಲುವೆಯಲ್ಲಿ ದೋಣಿಯಲ್ಲಿ ಹೋಗುವವರಿಗೆಲ್ಲ ಮೊದಲು ಕಾಣುವುದು ಆ ಕಂಬಗಳೇ.

ಥಾಮ್ ವಾರದಿಂದ ನಿದ್ದೆಯಲ್ಲೂ ಲೆಕ್ಕ ಹಾಕಿದ್ದಳು. ಅವರ ಕಡೆಯ ಮೇಸ್ತ್ರಿ ಕೋಯ್ ಮಾವ. ಆತನದು ಧಾರಾಳ ಕೈ. ಕರಣೆಯಲ್ಲಿ ಮಾಲು ಎತ್ತಿ ಹಾಕಿದರೆ ಸಾಲು ಸಾಲಿನ ನಡುವೆ ಕಿರುಬೆರಳ ದಪ್ಪ ಕೂರುತ್ತದೆ, ಯಾವತ್ತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಆತನ ಗೋಡೆಗಳನ್ನೇ ಹೋಗಿ ಬೆರಳಿಟ್ಟು ನೋಡಿ ಬಂದಿದ್ದಳು. ಇಟ್ಟಿಗೆಗಳೋ ತೂತಿನವು, ಒಂದರ ಪಕ್ಕ ಒಂದು ಕೂರಿಸುವಾಗ ತೂತಿನೊಳಗೆ ಒಂದಿಷ್ಟು ಮಾಲು ಇಳಿದೇ ಇಳಿಯುತ್ತದೆ. ಹಲಗೆಯ ಮೇಲೆ ಒಂದಿಷ್ಟು ಬೀಳುತ್ತದೆ. ಎಲ್ಲ ಸೇರಿಸಿ, ಕೂಡಿ ಕಳೆದು, ಹನ್ನೊಂದು ಸಾಲಿಗೆ ಹದಿನಾರು ಬಾಂಡ್ಲಿ ಎಂದು ತೀರ್ಮಾನಿಸಿದ್ದಳು.

ಸಿಮೆಂಟೂ ಮರಳೂ ಅಳೆದು, ಒಣಗಿದ್ದಂತೆಯೇ ಬೆರೆಸಿ, ಎರಡು ಕಡೆಗೂ ಗುಡ್ಡೆ ಹಾಕಿದರು. ನೀರು ಅವರವರು ಬೇಕಾದಾಗ ಬೇಕಾದಷ್ಟಕ್ಕೆ ಹಾಕಿಕೊಳ್ಳಬೇಕು. ಕಿಯೆಮ್ ತಾತ ನಗಾರಿಯ ಬಳಿ ಹೋಗಿ ಕೋಲೆತ್ತಿದ.

ಅಷ್ಟರಲ್ಲಿ ಕಾಲುವೆಯ ಮೆಟ್ಟಿಲ ಕಡೆಯಿಂದ ದಡ್ ಎಂದು ಸದ್ದಾಯಿತು.

ಮುಖ ತೊಳೆಯಲು ಇಳಿದಿದ್ದ ಕೋಯ್ ಮಾವ ಪಾಚಿಯ ಮೇಲೆ ಕಾಲಿಟ್ಟು ಜಾರಿ, ಬಲಗೈ ಊರಿ ಬಿದ್ದಿದ್ದ. ನಾಲ್ಕು ಜನ ಎತ್ತಿ ತಂದು ಕೂರಿಸುವಷ್ಟರಲ್ಲಿ ಮಣಿಕಟ್ಟು ಊದಿ ಬದನೆಕಾಯಿಯಂತಾಗಿತ್ತು.

"ಏನಿಲ್ಲ, ಏನಿಲ್ಲ, ಕರಣೆ ಕೊಡಿ," ಎಂದ ಆತ. ಕರಣೆ ಕೊಟ್ಟರು. ಅದು ಬೆರಳಿಂದ ಜಾರಿ ಕೆಳಗೆ ಬಿತ್ತು. ಆತನ ಕಣ್ಣಲ್ಲಿ ನೀರು ಬಂತು, ನೋವಿಗಿಂತ ಹೆಚ್ಚಾಗಿ ಅವಮಾನಕ್ಕೆ.

ಮೇಲಿನ ಕೇರಿಯಲ್ಲಿ ಇನ್ನೊಬ್ಬ ಗಾರೆಯವನೆಂದರೆ ಥಾಮ್‌ಳ ಗಂಡ ದಿಯೆನ್. ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು. ಅವನು ತನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ ತಿರುಗಿ ನೋಡಿದ.

ಥಾಮ್ ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟಳು. ದಿಯೆನ್ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಜನ ನೋಡುತ್ತಿದ್ದರೆ ಅವನ ಕೈ ಸೆಟೆದುಕೊಳ್ಳುತ್ತದೆ. ಮಾಲನ್ನು ಬೆಣ್ಣೆ ಸವರಿದ ಹಾಗೆ ಸವರುತ್ತಾನೆ. ಅವಳು ಓಡಿ ಕಿಯೆಮ್ ತಾತನ ಮುಂದೆ ನಿಂತಳು.

"ತಾತ, ಮೇಸ್ತ್ರಿ ಬದಲಾದ್ರು. ನಾನು ಲೆಕ್ಕ ಹಾಕಿದ್ದು ಕೋಯ್ ಮಾವನ ಕೈಗೆ. ಇನ್ನೊಂದ್ಸಲ ಕೂಗೋಕೆ ಬಿಡಿ."

ತಾತ ಮಾತಾಡುವ ಮೊದಲೇ ಲುವಾ ಕೂಗಿದಳು: "ಕೂಗಿದ್ದು ಕೂಗಿದ್ದೇ! ಸಂತೆಯಲ್ಲಿ ಮೀನು ಕೊಂಡು ಮನೆಗೆ ಹೋಗಿ ಮುಳ್ಳು ಜಾಸ್ತಿ ಅಂತ ವಾಪಸು ತರ್ತಾರೇನೇ?"

"ಅಮ್ಮಾ!"

"ಇವತ್ತು ಅಮ್ಮ ಇಲ್ಲ, ಮಗಳು ಇಲ್ಲ. ನಾನು ಕೆಳಗಿನ ಕೇರಿ, ನೀನು ಮೇಲಿನ ಕೇರಿ."

ತಾತ ತಲೆಯಾಡಿಸಿದ. "ಅಳೆದಾಗಿದೆ ಮಗಳೇ. ಇನ್ನು ಬದಲಾಯಿಸೋಕಾಗಲ್ಲ." ನಗಾರಿ ಬಾರಿಸಿಯೇಬಿಟ್ಟ.

ಕೆಲಸ ಶುರುವಾಯಿತು. ಕೆಳಗಿನ ಕೇರಿಯ ಮೇಸ್ತ್ರಿ ರೋ, ಬಡಕಲು ಮನುಷ್ಯ, ಬಾಯಲ್ಲಿ ಮಾತಿಲ್ಲ. ತಲೆ ತಗ್ಗಿಸಿದನೆಂದರೆ ಸಾಲು ಮುಗಿಯುವವರೆಗೆ ಎತ್ತುವವನಲ್ಲ. ಅವನ ಇಟ್ಟಿಗೆಗಳು ಟಕ್ ಟಕ್ ಎಂದು ಗಡಿಯಾರದಂತೆ ಕೂರುತ್ತಿದ್ದವು. ಈ ಕಡೆ ದಿಯೆನ್ ದಾರ ಕಟ್ಟಿ, ರಸಮಟ್ಟ ಇಟ್ಟು, ಮತ್ತೆ ಇಟ್ಟು, ಮೂರನೆಯ ಸಲವೂ ಇಟ್ಟು ನೋಡಿ ಮೊದಲ ಇಟ್ಟಿಗೆ ಕೂರಿಸಿದ.

"ಏನ್ ಅಳಿಯಂದ್ರೇ," ಲುವಾ ತನ್ನ ಬಕೆಟ್ ಬೋರಲು ಹಾಕಿಕೊಂಡು ಬಾಗಿಲ ಜಾಗದಲ್ಲೇ ಕೂತುಬಿಟ್ಟಳು, ಎರಡು ಕಡೆಯೂ ಕಾಣುವಂತೆ. "ಇಟ್ಟಿಗೆಗೆ ಹೆಣ್ಣು ನೋಡೋ ಶಾಸ್ತ್ರ ನಡೀತಿದ್ಯಾ? ತಾಂಬೂಲ ತರಿಸ್ಲಾ?"

ಜನ ಬಿದ್ದು ಬಿದ್ದು ನಕ್ಕರು. ದಿಯೆನ್‌ನ ಕಿವಿ ಕೆಂಪಾಯಿತು. ಕೈ ಇನ್ನಷ್ಟು ಬಿಗಿಯಾಯಿತು.

ಥಾಮ್ ಮಾಲು ಕಲಸುತ್ತ, ಬಾಂಡ್ಲಿ ತುಂಬಿ ಕೊಡುತ್ತ ಒಂದು ಕಣ್ಣು ಗೋಡೆಯ ಮೇಲೆ ಇಟ್ಟಿದ್ದಳು. ನಾಲ್ಕನೆಯ ಸಾಲು ಮುಗಿದಾಗ ತನ್ನ ಬಿದಿರಿನ ಅಳತೆಗೋಲು ತಂದು ಗೋಡೆಗೆ ಆನಿಸಿದಳು. ಕೋಲಿನ ಮೇಲೆ ಕೋಯ್ ಮಾವನ ಕೈಗೆ ತಕ್ಕಂತೆ ಒಂದೊಂದು ಸಾಲಿಗೂ ಗೀಟು ಹಾಕಿದ್ದಳು. ನಾಲ್ಕನೆಯ ಗೀಟು ಎಲ್ಲೋ ಮೇಲಿತ್ತು, ಗೋಡೆ ಎಲ್ಲೋ ಕೆಳಗಿತ್ತು. ನಡುವೆ ಅವಳ ಹೆಬ್ಬೆರಳು ಆರಾಮವಾಗಿ ಕೂರುತ್ತಿತ್ತು.

ಇದೇ ರೀತಿ ಹೋದರೆ ಇಟ್ಟಿಗೆ ಮುಗಿದಾಗ ಗೋಡೆ, ಎತ್ತರದ ಗುರುತಿಗೆ ಮೇಲೆ ಕಟ್ಟಿದ್ದ ದಾರಕ್ಕಿಂತ ಮೂರು ಬೆರಳು ಕುಳ್ಳಾಗಿರುತ್ತದೆ, ಮಾಲು ರಾಶಿ ಮಿಕ್ಕಿರುತ್ತದೆ. ಎರಡು ಕಡೆಯಿಂದಲೂ ಸೋಲು.

"ರೀ, ಸ್ವಲ್ಪ ಧಾರಾಳವಾಗಿ ಹಾಕಿ," ಎಂದು ಪಿಸುಗುಟ್ಟಿದಳು.

"ಹಾಕ್ತಾ ಇದೀನಲ್ಲೇ!"

"ಎಲ್ಲಿ ಹಾಕ್ತಿದೀರಾ? ಹಪ್ಪಳಕ್ಕೆ ಎಣ್ಣೆ ಸವರಿದ ಹಾಗಿದೆ."

"ನಿಮ್ಮಮ್ಮ ಅಲ್ಲಿ ಕೂತು ನೋಡ್ತಿದ್ರೆ ನನ್ನ ಕೈ ನಾನು ಹೇಳಿದ ಹಾಗೆ ಕೇಳಲ್ಲ ಕಣೇ."

ಕುರ್ಚಿಯಲ್ಲಿ ಕೂತಿದ್ದ ಕೋಯ್ ಮಾವ ಎಡಗೈಯಿಂದ ತೊಡೆ ತಟ್ಟಿಕೊಂಡು "ದಪ್ಪ! ದಪ್ಪ ಹಾಕೋ!" ಎಂದು ಅರಚುತ್ತಿದ್ದ. ಅದರಿಂದ ದಿಯೆನ್ ಇನ್ನಷ್ಟು ಗಾಬರಿಯಾದ.

ಥಾಮ್ ಒಣ ಮಾಲಿನ ಗುಡ್ಡೆಯ ಮುಂದೆ ನಿಂತಳು. ಒಂದು ಕ್ಷಣ ಸಲಿಕೆ ಬಿಸಾಕಿ ಹೋಗಿಬಿಡಲೇ ಅನ್ನಿಸಿತು. ಆಮೇಲೆ ಗುಡ್ಡೆಯನ್ನೇ ನೋಡಿದಳು. ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಎಷ್ಟು ದೊಡ್ಡದು? ನಾಲ್ಕು ಸಾಲಿನಲ್ಲಿ ದಿಯೆನ್ ಉಳಿಸಿದಷ್ಟು. ಗೋಡೆ ಎಷ್ಟು ಕುಳ್ಳಾಗಿದೆಯೋ ಅಷ್ಟು ಮಾಲೂ ಇಲ್ಲೇ ಇದೆ! ಎಲ್ಲೂ ಹೋಗಿಲ್ಲ! ಉಳಿದ ಏಳು ಸಾಲಿಗೆ ಇದನ್ನು ಸಮನಾಗಿ ಹಂಚಿದರೆ, ಪ್ರತಿ ಸಾಲೂ ಕೋಯ್ ಮಾವನ ಕೈಗಿಂತ ಒಂದು ಕೂದಲು ದಪ್ಪ ಕೂತರೆ, ಹನ್ನೊಂದನೆಯ ಸಾಲು ನೇರವಾಗಿ ದಾರಕ್ಕೇ ಹೋಗಿ ತಾಗುತ್ತದೆ.

ಅವಳು ಸಲಿಕೆಯನ್ನು ಮತ್ತೆ ಬಿಗಿಯಾಗಿ ಹಿಡಿದಳು. ಗುಡ್ಡೆಯನ್ನು ಸಲಿಕೆಯಿಂದ ತಟ್ಟಿ ತಟ್ಟಿ ಚಪ್ಪಟೆ ಮಾಡಿ ಉದ್ದಕ್ಕೆ ಹರಡಿದಳು. ಸಲಿಕೆಯ ಅಂಚಿನಿಂದ ಅಡ್ಡಡ್ಡ ಗೀರು ಎಳೆದಳು, ಕೊಬ್ಬರಿ ಮಿಠಾಯಿ ಕತ್ತರಿಸಿದ ಹಾಗೆ. ಏಳು ಪಾಲು.

"ರೀ, ಇಲ್ಲಿ ನೋಡಿ. ಒಂದು ಸಾಲಿಗೆ ಒಂದು ಪಾಲು. ಈ ಪಾಲು ಪೂರ್ತಿ ಮುಗಿಯೋವರೆಗೂ ನೀವು ಮುಂದಿನ ಸಾಲಿಗೆ ಕೈ ಹಾಕೋ ಹಾಗಿಲ್ಲ. ಗೋಡೆ ನೋಡಬೇಡಿ, ಅತ್ತೇನ ನೋಡಬೇಡಿ. ಬಾಂಡ್ಲಿ ಮಾತ್ರ ನೋಡಿ. ಖಾಲಿ ಮಾಡೋದಷ್ಟೇ ನಿಮ್ಮ ಕೆಲಸ."

"ಅಷ್ಟೇನಾ?"

"ಅಷ್ಟೇ. ಊಟ ಮಾಡಿದ ಹಾಗೆ."

ದಿಯೆನ್ ಊಟದಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ. ಐದನೆಯ ಸಾಲಿಗೆ ಮೊದಲ ಕರಣೆ ಹಾಕಿದ. ಇನ್ನೂ ತೆಳು. ಕೈ ಇನ್ನೂ ಬಿಗಿ. ಥಾಮ್‌ಗೆ ಮನೆಯಲ್ಲಿ ಅವನು ಹೇಗೆ ಕೆಲಸ ಮಾಡುತ್ತಾನೆಂದು ನೆನಪಾಯಿತು: ಹಂದಿಗೂಡಿಗೆ ಗೋಡೆ ಕಟ್ಟುವಾಗ ಹಾಡುತ್ತ, ಶ್ರುತಿಯಿಲ್ಲದೆ, ಹಂದಿಗಳೇ ಬೇಸರಪಡುವಂತೆ ಹಾಡುತ್ತ, ಮಾಲನ್ನು ಧಾರಾಳವಾಗಿ ಚಚ್ಚುತ್ತಿದ್ದ.

"ಹಾಡಿ," ಎಂದಳು.

"ಇಲ್ಲೇನಾ? ಇಷ್ಟು ಜನದ ಮುಂದೆ? ತಲೆ ಕೆಟ್ಟಿದ್ಯಾ?"

ಅವಳು ಕಾಯಲಿಲ್ಲ. ಸಲಿಕೆ ತಿರುಗಿಸುತ್ತ ತಾನೇ ಶುರುಮಾಡಿದಳು, ಬಾಯಿಗೆ ಬಂದದ್ದನ್ನು:

"ಬಾತು ಮಾರೋ ಅಣ್ಣಯ್ಯ, ದೋಣಿ ಒಂಚೂರು ನಿಲ್ಲಿಸೋ,
ಅತ್ತೆ ಮನೇ ದಡ ಇದು, ಹುಷಾರಾಗಿ ಹುಟ್ಟು ಹಾಕೋ..."

ಅಂಗಳ ಸಿಡಿದ ಹಾಗೆ ನಕ್ಕಿತು. ಲುವಾ ಕೂಡ ಬಾಯಿಗೆ ತಲೆಗೆ ಸುತ್ತಿದ್ದ ಚೌಕಳಿ ವಸ್ತ್ರದ ತುದಿ ಅಡ್ಡ ಹಿಡಿದಳು. ಮೇಲಿನ ಕೇರಿಯ ಹೆಂಗಸರು ಬಾಂಡ್ಲಿ ತಟ್ಟಿ ತಾಳ ಹಾಕಿದರು. ದಿಯೆನ್ ತಲೆ ತಗ್ಗಿಸಿ ನಗು ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಎರಡನೆಯ ಸಲ ಆ ಸಾಲು ಬಂದಾಗ ಅವನೂ ದನಿ ಸೇರಿಸಿದ, ಎಂದಿನಂತೆ ಶ್ರುತಿ ತಪ್ಪಿಯೇ. ಭುಜ ಇಳಿಯಿತು. ಮಣಿಕಟ್ಟು ಸಡಿಲವಾಯಿತು. ಕರಣೆಯಿಂದ ಮಾಲು ಚಪ್ಪ್ ಎಂದು ತುಂಬಿ ಬಿತ್ತು.

ಐದನೆಯ ಸಾಲಿಗೆ ಒಂದು ಪಾಲು ಮುಗಿಯಿತು. ಆರನೆಯದಕ್ಕೆ ಇನ್ನೊಂದು. ಥಾಮ್ ಪ್ರತಿ ಸಾಲಿಗೂ ಅಳತೆಗೋಲು ಇಟ್ಟು ನೋಡಿದಳು. ಗೀಟಿಗೂ ಗೋಡೆಗೂ ನಡುವಿನ ಸಂದು ಕಿರಿದಾಗುತ್ತಿತ್ತು. ಮೊದಲು ಹೆಬ್ಬೆರಳು ಕೂರುತ್ತಿದ್ದಲ್ಲಿ ಈಗ ಕಿರುಬೆರಳು, ಆಮೇಲೆ ಒಂದು ಹುಲ್ಲುಕಡ್ಡಿ.

"ಏರ್ತಾ ಇದೆ! ಏರ್ತಾ ಇದೆ ಮಾವ!" ಎಂದು ಅವಳು ಕುಣಿದಳು. ಕೋಯ್ ಮಾವ ಕುರ್ಚಿಯ ಮೇಲೆ ಎದ್ದು ನಿಂತೇಬಿಟ್ಟ. ಬೀಳದಂತೆ ಇಬ್ಬರು ಹಿಡಿದುಕೊಂಡರು.

ಲುವಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಳಿಯ ಹಾಡಲು ಶುರುಮಾಡಿದ್ದು ಅವಳಿಗೆ ಅಪಾಯವೆಂದು ಗೊತ್ತಾಗಿಹೋಗಿತ್ತು. ಅವನ ಗೋಡೆಯ ಹತ್ತಿರಕ್ಕೇ ಬಂದು ನಿಂತಳು.

"ಅಳಿಯಂದ್ರೇ, ಆ ಇಟ್ಟಿಗೆ ಸೊಟ್ಟ! ಅಲ್ಲ, ಅದಲ್ಲ, ಅದರ ಪಕ್ಕದ್ದು. ಅಯ್ಯೋ, ನಿಮ್ಮ ಹಾಡಿಗಿಂತ ಸೊಟ್ಟ!"

"ಅತ್ತೆ, ನೀವೂ ಒಂದು ಸಾಲು ಹಾಡಿ, ಆಗ ನೆಟ್ಟಗಾಗುತ್ತೆ," ಎಂದ ದಿಯೆನ್, ತಲೆ ಎತ್ತದೆ.

ಮದುವೆಯಾದ ಮೇಲೆ ಅವನು ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಜನ ಚಪ್ಪಾಳೆ ತಟ್ಟಿದರು. ಲುವಾ ಅವನ ಹಾಡು ಕೇಳುತ್ತ ಅಲ್ಲೇ ನಿಂತಳು.

ಆಚೆ ಕಡೆ ರೋ ಹತ್ತು ಸಾಲು ಮುಗಿಸಿ ಹನ್ನೊಂದಕ್ಕೆ ಕೈ ಹಾಕಿದ್ದ. ಅವನು ಮುಂದಿದ್ದ. ಅವನ ಗೋಡೆಯೋ ಗೆರೆ ಎಳೆದ ಹಾಗೆ. ಅರ್ಧ ಸಾಲು ಕೂರಿಸಿ, ಬಾಂಡ್ಲಿ ಖಾಲಿಯಾಗಿ, ಕೈ ಹಿಂದಕ್ಕೆ ಚಾಚಿದ.

"ಅಕ್ಕಾ, ಮಾಲು."

ಯಾರೂ ಕೊಡಲಿಲ್ಲ.

"ಅಕ್ಕಾ!"

ಲುವಾ ಬೆಚ್ಚಿಬಿದ್ದು ತಿರುಗಿದಳು. ಕೊನೆಯ ಪಾಲಿಗೆ ಅವಳು ಆಗಲೇ ನೀರು ಹಾಕಿ ಕಲಸಿಟ್ಟಿದ್ದಳು, ಅಳಿಯನನ್ನು ಕೆಣಕುವ ಮೊದಲೇ. ಅದರ ಮೇಲೆ ಒದ್ದೆ ಗೋಣಿ ಹೊದಿಸುವುದು ಅವಳು ಎಂದೂ ಮರೆತವಳಲ್ಲ. ಇವತ್ತು ಮರೆತಿದ್ದಳು. ಮಾಲು ತುಂಬಿಟ್ಟಿದ್ದ ಎರಡು ತೊಟ್ಟಿಗಳಲ್ಲಿ ಒಂದು ಹೇಗೋ ಗೋಡೆಯ ನೆರಳಿನಲ್ಲಿತ್ತು. ಇನ್ನೊಂದು ನೆತ್ತಿಯ ಬಿಸಿಲಿಗೆ ಸಿಕ್ಕಿ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಕೂತಿತ್ತು.

ಓಡಿ ಹೋಗಿ ನೀರು ಸುರಿದಳು. ಸಲಿಕೆಯಿಂದ ಕುಟ್ಟಿದಳು. ಹೆಂಟೆಹೆಂಟೆಯಾಗಿ ಒಡೆಯಿತು, ಕಲೆಯಲಿಲ್ಲ. ರೋ ಬಗ್ಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದ.

"ಸತ್ತಿದೆ ಅಕ್ಕ."

"ಹಾಕಪ್ಪ, ಮೇಲಿನ ಸಾಲು ತಾನೇ, ಯಾರಿಗೆ ಗೊತ್ತಾಗುತ್ತೆ!"

"ನನಗೆ ಗೊತ್ತಾಗುತ್ತೆ. ಗುಡಿ ಗೋಡೆ ಇದು." ರೋ ನೆರಳಿನ ತೊಟ್ಟಿಯಲ್ಲಿದ್ದ ಒಳ್ಳೆಯ ಮಾಲನ್ನಷ್ಟೇ ಬಳಸಿ ಕೂರಿಸುವಷ್ಟು ಇಟ್ಟಿಗೆ ಕೂರಿಸಿದ. ಅದು ಮುಗಿದಾಗ ಸಾಲಿನ ಕೊನೆಯಲ್ಲಿ ಐದಾರು ಇಟ್ಟಿಗೆಯ ಜಾಗ ಹಲ್ಲುದುರಿದ ಬಾಯಿಯಂತೆ ಖಾಲಿ ಉಳಿಯಿತು. ಅವನು ಕರಣೆ ತೊಳೆದು, ನೆರಳಿಗೆ ಹೋಗಿ ಕೂತು, ಎಳನೀರು ಕೇಳಿದ.

ಈಗ ಇಡೀ ಅಂಗಳ ಎಡಗಡೆಗೆ ನುಗ್ಗಿತು.

ಹನ್ನೊಂದನೆಯ ಸಾಲು. ಕೊನೆಯ ಪಾಲು. ಥಾಮ್ ಅದಕ್ಕೆ ಬೊಗಸೆಯಲ್ಲಿ ಅಳೆದು ಅಳೆದು ನೀರು ಹಾಕಿದಳು. ನೀರು ಜಾಸ್ತಿಯಾದರೆ ಮಾಲು ಹರಿದು ತೂತಿನೊಳಕ್ಕೆ ಇಳಿದುಹೋಗುತ್ತದೆ, ಕಡಿಮೆಯಾದರೆ ಹರಡುವುದಿಲ್ಲ. ಅಂಗೈಯಲ್ಲಿ ಒಂದು ಉಂಡೆ ಹಿಡಿದು ಒತ್ತಿ ನೋಡಿದಳು. ಸರಿಯಾಗಿತ್ತು. ದಿಯೆನ್ ಈಗ ಹಾಡುತ್ತಿರಲಿಲ್ಲ, ಆದರೆ ಕೈ ಹಾಡಿನ ಲಯದಲ್ಲೇ ಇತ್ತು. ಮಾಲು, ಇಟ್ಟಿಗೆ, ಒಂದು ತಟ್ಟು. ಮಾಲು, ಇಟ್ಟಿಗೆ, ಒಂದು ತಟ್ಟು. ಜನ ಒಂದೊಂದು ಇಟ್ಟಿಗೆಗೂ "ಹೋಯ್!" ಎನ್ನುತ್ತಿದ್ದರು.

ಇಟ್ಟಿಗೆ ಮೂರು ಉಳಿದಾಗ ತೊಟ್ಟಿ ಖಾಲಿ. ಬಾಂಡ್ಲಿಯಲ್ಲಿ ತಳಕ್ಕೆ ಒಂದಿಷ್ಟು. ಎರಡು ಉಳಿದಾಗ ಥಾಮ್ ಹಲಗೆಯ ಮೇಲೆ ಬಿದ್ದಿದ್ದನ್ನು ಬಳಿದು ಕೊಟ್ಟಳು. ಕೊನೆಯ ಇಟ್ಟಿಗೆಗೆ ಸಲಿಕೆಯ ಮೈ ಕೆರೆದು ಹಾಸು ಹಾಕಿದರು. ದಿಯೆನ್ ಅದನ್ನು ಕೂರಿಸಿದ, ತಟ್ಟಿದ. ಮೇಲಿನ ದಾರ ಇಟ್ಟಿಗೆಯ ನೆತ್ತಿಗೆ ಸವರಿಕೊಂಡು ನಿಂತಿತು.

ಆದರೆ ಕೊನೆಯ ಇಟ್ಟಿಗೆಗೂ ಪಕ್ಕದ ಇಟ್ಟಿಗೆಗೂ ನಡುವೆ ಒಂದು ಸಂದು ಬಾಯಿ ಬಿಟ್ಟುಕೊಂಡಿತ್ತು. ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿತ್ತು.

"ಮಾಲು ಕೊಡೇ!"

"ಇಲ್ಲ ರೀ!"

"ಒಂದು ಕರಣೆ ಸಾಕು ಕಣೇ!"

ಥಾಮ್ ಸುತ್ತ ನೋಡಿದಳು. ಬಾಂಡ್ಲಿ ಕೆರೆದಳು, ಒಂದು ಚಿಟಿಕೆ ಸಿಕ್ಕಿತು. ತನ್ನ ಮೊಣಕೈವರೆಗೆ ಮೆತ್ತಿದ್ದನ್ನು ಕರಣೆಯ ಅಂಚಿನಿಂದ ಬಳಿದಳು. ಇನ್ನೂ ಅರ್ಧ ಸಂದು ಉಳಿಯಿತು. ಆಗ ಕೋಯ್ ಮಾವ ಊದಿದ ಕೈಯನ್ನೇ ಚಾಚಿ ಕಿರುಚಿದ:

"ಟೋಪಿ! ಅವನ ಟೋಪಿ ನೋಡ್ರೋ!"

ದಿಯೆನ್‌ಗೆ ಬೆವರು ಒರೆಸಿಕೊಳ್ಳುವಾಗಲೆಲ್ಲ ತಾಳೆಗರಿಯ ಟೋಪಿಯನ್ನು ಹಿಂದಕ್ಕೆ ತಳ್ಳುವ ಅಭ್ಯಾಸ. ಅದರ ಅಂಚಿನಲ್ಲಿ ಹಸಿ ಮಾಲು ದೊಡ್ಡ ಗುಳ್ಳೆಯಂತೆ ಅಂಟಿತ್ತು. ಥಾಮ್ ಟೋಪಿ ಕಿತ್ತುಕೊಂಡು, ಗುಳ್ಳೆಯನ್ನು ಕರಣೆಗೆ ಬಳಿದು ಕೊಟ್ಟಳು. ದಿಯೆನ್ ಅದನ್ನು ಸಂದಿಗೆ ತುಂಬಿ ಹೆಬ್ಬೆರಳಿನಿಂದ ಒತ್ತಿದ. ಬೆಳಕು ಮುಚ್ಚಿಕೊಂಡಿತು.

ಎದ್ದ ಕೂಗಿಗೆ ಕಾಲುವೆಯಲ್ಲಿ ಹೋಗುತ್ತಿದ್ದ ದೋಣಿಯವನೊಬ್ಬ ಹುಟ್ಟು ನಿಲ್ಲಿಸಿ ನೋಡಿದ.

ಕಿಯೆಮ್ ತಾತ ನಿಧಾನವಾಗಿ ಬಂದ. ಗೋಡೆಯ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದ. ತೊಟ್ಟಿಯೊಳಕ್ಕೆ ಇಣುಕಿದ, ಬಾಂಡ್ಲಿ ಬೋರಲು ಹಾಕಿದ. ಏನೂ ಉದುರಲಿಲ್ಲ.

"ಟೋಪಿ ಮೇಲಿಂದ ತಗೊಂಡದ್ದು ನಡೆಯಲ್ಲ!" ಎಂದು ಆಚೆ ಕೇರಿಯ ಯಾರೋ ಕೂಗಿದರು.

"ಟೋಪಿ ಮೇಲಿದ್ದದ್ದು ಆಕಾಶದಿಂದ ಬಿತ್ತಾ?" ಎಂದ ತಾತ. "ಅದೂ ಹದಿನಾರರೊಳಗಿಂದೇ. ಕಂಬ ಮೇಲಿನ ಕೇರಿಗೆ."

ದಿಯೆನ್‌ನನ್ನು ಎತ್ತಿಕೊಂಡು ಕುಣಿದರು. ಥಾಮ್ ಮಾತ್ರ ಅಮ್ಮನನ್ನು ಹುಡುಕುತ್ತಿದ್ದಳು. ಲುವಾ ಆಗಲೇ ಮಗಳ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಕೆಳಗಿನ ಸಾಲಿಂದ ಮೇಲಿನವರೆಗೆ ನೋಡುತ್ತಿದ್ದಳು. ಉಗುರಿನಿಂದ ಸಂದುಗಳನ್ನು ಒತ್ತಿ ಒತ್ತಿ ನೋಡಿದಳು.

"ಕೆಳಗೆ ನಾಲ್ಕು ಸಾಲು ಬಡವರದ್ದು, ಮೇಲೆ ಏಳು ಸಾಹುಕಾರರದ್ದು," ಎಂದಳು. "ನಡುವಲ್ಲಿ ಪಾಲು ಮಾಡಿದ್ಯಾ?"

"ಹೂಂ ಅಮ್ಮ. ಏಳು ಪಾಲು."

"ಯಾವಾಗ ಹೊಳೀತು?"

"ಗುಡ್ಡೆ ನೋಡ್ದಾಗ. ಉಳಿದಿದ್ದೆಲ್ಲ ಅಲ್ಲೇ ಇತ್ತಲ್ಲ."

ಲುವಾ ಎದ್ದು, ತಲೆವಸ್ತ್ರ ಬಿಚ್ಚಿ ಕೊಡವಿ, ಮಗಳ ಮೊಣಕೈಗೆ ಅಂಟಿದ್ದ ಮಾಲನ್ನು ಚರ್ಮ ಕೀಳುವಷ್ಟು ಜೋರಾಗಿ ಉಜ್ಜಿ ಒರೆಸಿದಳು.

"ಗೋಣಿ ಹೊದಿಸೋದು ಮರೆತೆ ಕಣೇ," ಎಂದಳು ಕೊನೆಗೆ, ಮೆಲ್ಲಗೆ. "ಇಷ್ಟು ವರ್ಷದಲ್ಲಿ ಒಂದು ದಿನ ಮರೆತಿರಲಿಲ್ಲ. ಆ ನಿನ್ನ ಗಂಡ ಹಾಡಿದ್ನಲ್ಲ, ಅದನ್ನ ಕೇಳ್ತಾ ನಿಂತುಬಿಟ್ಟೆ." ಆಮೇಲೆ ಅವಳಿಗೇ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಹೊಸ ಗೋಡೆಗೆ ಒರಗಲು ಹೋಗಿ, "ಒರಗಬೇಡಮ್ಮಾ, ಹಸಿ ಇದೆ!" ಎಂದು ಮಗಳು ಕಿರುಚಿದ್ದಕ್ಕೆ ನೆಟ್ಟಗೆ ನಿಂತು, ಮತ್ತೆ ನಕ್ಕಳು.

ಊಟದ ಚಾಪೆ ಹಾಸಿದಾಗ ಮೇಲಿನ ಕೇರಿಯವರು ತಮಗೆ ಬಂದ ಹಂದಿಯ ತಲೆಯನ್ನು ನಡುವಿಗಿಟ್ಟುಕೊಂಡು ಕೂತರು. ಲುವಾ ತನ್ನ ಕೇರಿಯ ಚಾಪೆಯಲ್ಲಿ ನಿಲ್ಲಲಿಲ್ಲ. ಚಾಪೆಯಿಂದ ಚಾಪೆಗೆ ಹೋಗಿ, ಯಾರೂ ಕೇಳದಿದ್ದರೂ ಹೇಳಿದಳು: "ಏಳು ಪಾಲು ಮಾಡಿದ್ಲು, ಗೊತ್ತಾಯ್ತಾ? ನಡುವಲ್ಲಿ ನಿಂತು, ತಲೆಯಲ್ಲೇ ಲೆಕ್ಕ ಹಾಕಿ! ನಿಮ್ಮ ಕೇರಿಯವಳಲ್ಲ ಅವಳು, ನಮ್ಮ ಕೇರಿಯವಳು. ಮದುವೆ ಮಾಡಿ ಕೊಟ್ಟಿದ್ದೀವಿ, ಅಷ್ಟೇ." ಕೊನೆಗೆ ಅಳಿಯನ ಪಕ್ಕ ಜಾಗ ಮಾಡಿಕೊಂಡು ಕೂತು, ಗರಿಗರಿಯಾದ ಚರ್ಮದ ದೊಡ್ಡ ತುಂಡನ್ನು ಅವನ ಬಟ್ಟಲಿಗೆ ಹಾಕಿದಳು.

"ತಿನ್ನಿ ಅಳಿಯಂದ್ರೇ. ಕೈ ಇನ್ನೂ ಸ್ವಲ್ಪ ದಪ್ಪ ಆಗ್ಲಿ."

ಥಾಮ್ ಊಟದ ಎರಡು ಕಡ್ಡಿಗಳನ್ನು ಎತ್ತಿಕೊಂಡಳು. ಮಾಂಸದ ತುಂಡು ಹಿಡಿಯಲು ನೋಡಿದಳು. ಜಾರಿ ಬಟ್ಟಲಿಗೇ ಬಿತ್ತು. ಬೆಳಿಗ್ಗೆಯಿಂದ ಸಲಿಕೆ ಹಿಡಿದ ಬೆರಳುಗಳು ಕಡ್ಡಿಗೆ ಒಗ್ಗಲಿಲ್ಲ. ಕಡ್ಡಿ ಪಕ್ಕಕ್ಕಿಟ್ಟು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡಳು.